ತಾರಸಿ ಮೇಲೆ ಕೂತು ಮೋಡ ಬರೆಯೋದು ಹೇಗೆ

"ಯಾವ ಕಾನ್‌ಸ್ಟೆಬಲ್ಲೇ? ನಮ್ಮ ಸ್ಟೇಷನ್ನಿನವನಾ?" ಅಂತ ಅತ್ತೆ ಕೇಳಿದ್ದರು, ಕಾನ್‌ಸ್ಟೆಬಲ್ ಹಾಗೆ ಮೋಡ ಬರೀತೀನಿ ಅಂತ ನಾನಂದಾಗ. ಅಲ್ಲ, ಜಾನ್ ಕಾನ್‌ಸ್ಟೆಬಲ್. 1776ರಲ್ಲಿ ಇಂಗ್ಲೆಂಡಿನ ಸಫೋಕ್‌ನಲ್ಲಿ ಹುಟ್ಟಿದ ಚಿತ್ರಕಾರ. ಅಪ್ಪನಿಗೆ ಹಿಟ್ಟಿನ ಗಿರಣಿಗಳಿದ್ದವು, ಈತನೂ ಚಿಕ್ಕವನಿದ್ದಾಗ ಗಾಳಿಗಿರಣಿಯಲ್ಲಿ ದುಡಿದವನು. ಗಾಳಿ ಎತ್ತ ತಿರುಗಿತು ಅಂತ ನೋಡದಿದ್ದರೆ ಅಲ್ಲಿ ಕೆಲಸ ನಡೆಯುತ್ತಾ? ಬೆಂಗಳೂರಿನ ತ್ಯಾಗರಾಜನಗರದ ನಮ್ಮ ತಾರಸಿಯಲ್ಲಿ ಸಂಡಿಗೆ ಹರವಿ ಕೂರುವ ಅತ್ತೆಗೂ ಅದೇ ವಿದ್ಯೆ. ಜಯನಗರದ ಕಡೆ ಸ್ವಲ್ಪ ಕಪ್ಪಾದರೆ ಸಾಕು, ಸೀರೆ ಸಮೇತ ಸಂಡಿಗೆ ಒಳಗೆ.

1821 ಮತ್ತು 1822ರಲ್ಲಿ ಈತ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗುಡ್ಡದಲ್ಲಿ ಬರೀ ಆಕಾಶವನ್ನೇ ಹತ್ತಾರು ಸಲ ಬರೆದ. ಮರ ಇಲ್ಲ, ಮನೆ ಇಲ್ಲ. ಆಕಾಶ ಅಂದರೆ ಚಿತ್ರದ ಹಿಂದೆ ಇಳಿಬಿಟ್ಟ ಬಿಳಿ ಬಟ್ಟೆ ಅಲ್ಲ ಅನ್ನೋದು ಈತನ ವಾದ. ನಾವೂ ಅದನ್ನೇ ಮಾಡೋಣ.

ದಪ್ಪ ಕಾಗದ ತಗೊಳ್ಳಿ, 24 ಸೆಂಟಿಮೀಟರ್‌ಗೆ 30ರಷ್ಟು. ಅದಕ್ಕಿಂತ ದೊಡ್ಡದು ಬೇಡ, ತುಂಬಿಸೋಷ್ಟರಲ್ಲಿ ಮೋಡ ಹೋಗಿರುತ್ತೆ. ಎಣ್ಣೆ ಬಣ್ಣವಾದರೆ ಮೊದಲು ಎರಡು ಕೋಟ್ ಜೆಸ್ಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ) ಬಳಿದು ಒಣಗಿಸಿ, ಇಲ್ಲದಿದ್ದರೆ ಎಣ್ಣೆ ಕಾಗದವನ್ನೇ ತಿನ್ನುತ್ತೆ. ಮಾರ್ಚ್ ಬಿಸಿಲಲ್ಲಿ ಬೇಗ ಒಣಗುವ ಅಕ್ರಿಲಿಕ್ ಬಣ್ಣ ತಗೊಂಡು ಹೋಗಿ ನಾನು ಕೆಟ್ಟೆ. ತಟ್ಟೆಯಲ್ಲೇ ಬಣ್ಣ ಹಪ್ಪಳವಾಯಿತು. ಬಿಳಿ, ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಈ ನಾಲ್ಕೇ ಸಾಕು. ಕಾಗದಕ್ಕೆ ಹಿಂದಿನ ದಿನವೇ ಸಿಯೆನ್ನಾವನ್ನು ತೆಳ್ಳಗೆ ಬಳಿದಿಡಿ. ಆ ಕೆಂಪು ನೆಲದ ಮೇಲೆ ನೀಲಿ ಎದ್ದು ಕಾಣುತ್ತೆ.

ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ, ಸೂರ್ಯ ಬೆನ್ನಿಗಿರುವ ಹಾಗೆ ಕೂತ್ಕೊಳ್ಳಿ. ಐದು ನಿಮಿಷ ಸುಮ್ನೆ ನೋಡಿ. ಆಮೇಲೆ ನೀಲಿ ಹಚ್ಚಿ: ನೆತ್ತಿಯ ಹತ್ತಿರ ಗಾಢ, ಕೆಳಗಿಳಿದಂತೆ ಬಿಳಿ ಜಾಸ್ತಿ.

ಈಗ ಮೋಡ. ನನ್ನ ಮೊದಲ ಚಿತ್ರ ನೋಡಿ ಮಗ "ಅಮ್ಮ, ಇಡ್ಲಿ" ಅಂದ. ತಪ್ಪು ಎಲ್ಲಾಗಿತ್ತು ಗೊತ್ತಾ? ಗೆರೆ ಎಳೆದು ಒಳಗೆ ಬಿಳಿ ತುಂಬಿದ್ದೆ. ಮೋಡಕ್ಕೆ ಗೆರೆಯೇ ಇಲ್ಲ. ಮೊದಲು ಬುಡ ಬರೆಯಿರಿ, ಅದು ಹೆಚ್ಚುಕಮ್ಮಿ ಚಪ್ಪಟೆ. ನೀಲಿಗೆ ಸಿಯೆನ್ನಾ ಬೆರೆಸಿದರೆ ಒಳ್ಳೆ ಬೂದಿ ಬಣ್ಣ ಬರುತ್ತೆ, ಕಪ್ಪು ಟ್ಯೂಬ್ ಮುಟ್ಟಬೇಡಿ. ಬಿಸಿಲು ಬೀಳುವ ತಲೆಗೆ ಬಿಳಿ, ಅದಕ್ಕೆ ಚೂರೇ ಚೂರು ಓಕರ್. ಅಂಚನ್ನು ಒಂದು ಕಡೆ ಚೂಪಾಗಿ ಬಿಡಿ, ಇನ್ನೊಂದು ಕಡೆ ಒಣ ಬ್ರಷ್‌ನಿಂದ ನೀಲಿಯೊಳಗೆ ಸವರಿಬಿಡಿ. ದೂರದ ಮೋಡಗಳು ಚಿಕ್ಕವು, ಒತ್ತೊತ್ತಾಗಿ ಅಡ್ಡ ಮಲಗಿರುತ್ತವೆ. ಇಷ್ಟು ಮಾಡಿದರೆ ಆಕಾಶಕ್ಕೆ ತಾನಾಗಿಯೇ ಆಳ ಬರುತ್ತೆ.

ಶುರು ಮಾಡಿ ಒಂದು ಗಂಟೆಯಾದರೆ ನಿಲ್ಲಿಸಿ. ಮನೆಯೊಳಗೆ ತಂದು ತಿದ್ದಬೇಡಿ. ನಾನು ತಿದ್ದಿದ್ದೆಲ್ಲ ಹಾಳೇ ಆಗಿದೆ.

ಒಣಗಿದ ಮೇಲೆ ಕಾಗದ ತಿರುಗಿಸಿ ಹಿಂದೆ ದಿನ, ಹೊತ್ತು, ಹವೆ ಹೇಗಿತ್ತು ಅಂತ ಬರೆಯಿರಿ. ನನಗೆ ಇದೇ ಮುಖ್ಯ ಕೆಲಸ. 1821ರ ಸೆಪ್ಟೆಂಬರ್ 11ರ ಒಂದು ಚಿತ್ರಕ್ಕೆ ಕಾನ್‌ಸ್ಟೆಬಲ್ ಹೊತ್ತು ಹಾಕಿದ್ದಾನೆ: ಬೆಳಿಗ್ಗೆ 10ರಿಂದ 11. ಸೆಖೆ, ಸಣ್ಣ ಗಾಳಿ, ಬೆಳ್ಳಿಬೂದಿ ಮೋಡ ಎಂದೆಲ್ಲ ಬರೆದು, ರಾತ್ರಿ ಮಳೆ ಬಂತು ಅಂತಲೂ ಸೇರಿಸಿದ್ದಾನೆ. ಅಂದರೆ ಚಿತ್ರ ಮುಗಿದ ಮೇಲೂ ಆ ಆಕಾಶದ ಮೇಲೆ ಕಣ್ಣಿಟ್ಟಿದ್ದ. ಇದೇ ಮನುಷ್ಯನ 'ದ ಹೇ ವೇನ್' (ಹುಲ್ಲಿನ ಗಾಡಿ) ಚಿತ್ರಕ್ಕೆ 1824ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನದ ಪದಕ ಸಿಕ್ಕಿತು. ತನ್ನ ದೇಶದ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿ ಪೂರ್ಣ ಸದಸ್ಯತ್ವ ಕೊಟ್ಟಿದ್ದು 1829ರಲ್ಲಿ, 52ನೇ ವಯಸ್ಸಿಗೆ. ಅದೂ ಒಂದೇ ಮತದ ಅಂತರದಲ್ಲಿ!

ನನ್ನ ಒಂದು ಕಾಗದದ ಹಿಂದೆ ಹೀಗಿದೆ: "ಏಪ್ರಿಲ್ 19, ಸಂಜೆ 4ರಿಂದ 4.50. ಗಾಳಿ ಇಲ್ಲ, ಸೆಖೆ. ಮೂಡಲಲ್ಲಿ ಮೋಡ, ಬುಡ ಬೂದಿ, ತಲೆ ಮಜ್ಜಿಗೆ ಬಿಳಿ. ಎಡಗಡೆ ಕಾಗೆ ಕಾಲಿಟ್ಟಿದೆ. ಏಳಕ್ಕೆ ಗುಡುಗು, ಮಳೆ. ಅತ್ತೆ ಐದಕ್ಕೇ ಸಂಡಿಗೆ ಎತ್ತಿದ್ದರು."