ಸಿಎಂಟಿ ಕಾಲಿಗೆ ಬ್ರೇಸಾ, ಆಪರೇಷನ್ನಾ: ಅಪ್ಪ-ಮಗನ ಕಾಲು ನೋಡಿದ ಮೇಲೆ

ದಾವಣಗೆರೇಲಿ ಬ್ರೇಸ್ ಮಾಡೋ ಕೆಲಸ ನಂದು, ಇಪ್ಪತ್ತು ವರ್ಷದ ಹತ್ರ ಆಯ್ತು. ಶಾರ್ಕೋ-ಮರೀ-ಟೂತ್ (ಸಿಎಂಟಿ, ವಂಶದಲ್ಲಿ ಬರೋ ನರದ ಕಾಯಿಲೆ, ಕೈಕಾಲಿನ ಸ್ನಾಯು ಸೋಲುತ್ತೆ) ಇರೋರಿಗೆ ಪ್ಲಾಸ್ಟಿಕ್ ಎಎಫ್‌ಓ, ಅಂದ್ರೆ ಮೀನಖಂಡದಿಂದ ಪಾದದ ತನಕ ಹಿಡಿಯೋ ಬ್ರೇಸ್, ತಡೆಯಲ್ಲ, ಸುಮ್ನೆ ಆಪರೇಷನ್‌ಗೆ ಕಳಿಸಿಬಿಡು ಅಂತ ನಮ್ಮ ಲೈನಿನವರೇ ಹೇಳ್ತಿದ್ರು. ನಾನು ಒಪ್ಪಿರ್ಲಿಲ್ಲ.

ಚನ್ನಗಿರಿ ಕಡೆಯಿಂದ ಅಪ್ಪ-ಮಗ ಬಂದ್ರು, ಇಬ್ಬರಿಗೂ ಅದೇ ಕಾಯಿಲೆ. ಮಗನಿಗೆ ಇಪ್ಪತ್ತರ ಆಸುಪಾಸು, ಪಾದ ಜೋಲುತ್ತೆ, ಹಿಮ್ಮಡಿ ಒಳಕ್ಕೆ ವಾಲಿದೆ, ಕಣಕಾಲು ಉಳುಕೋದು ದಿನಾ ಇದ್ದಿದ್ದೇ. ರೆಡಿಮೇಡ್ ಲೀಫ್ ಸ್ಪ್ರಿಂಗ್ (ಹಿಂದೆ ತೆಳು ಪಟ್ಟಿ ಇರೋ ಬಾಗೋ ಬ್ರೇಸ್) ಪಾದ ಎತ್ತುತ್ತೆ, ವಾಲೋದನ್ನ ತಡೆಯಲ್ಲ. 4 ಎಂಎಂ ಪಾಲಿಪ್ರೊಪಿಲೀನಲ್ಲಿ ನಾನು ಮಾಡಿಕೊಟ್ಟಿದ್ದು ಕಿರುಬೆರಳ ಬುಡದಲ್ಲಿ ಗುಳ್ಳೆ ಎಬ್ಬಿಸ್ತು, ಸ್ಪರ್ಶ ಕಮ್ಮಿ ಅಲ್ವಾ, ಹುಡುಗನಿಗೆ ಗೊತ್ತೇ ಆಗಿಲ್ಲ, ಸಾಕ್ಸಲ್ಲಿ ರಕ್ತ ಇದ್ದಿದ್ದನ್ನ ಅವರಮ್ಮ ನೋಡಿದ್ರು. ಇನ್ನೊಂದು ಬ್ರೇಸ್ ಕಣಕಾಲ ಹತ್ರ ಸೀಳಿತು. ಶೀಟಿನ ದುಡ್ಡು ನನ್ನ ಮೇಲೇ ಬಿತ್ತು.

ಆಮೇಲೆ ಕೋಲ್ಮನ್ ಬ್ಲಾಕ್ ಟೆಸ್ಟ್, ವಾಲಿದ ಹಿಮ್ಮಡಿ ಇನ್ನೂ ನೆಟ್ಟಗಾಗುತ್ತಾ ಅಂತ ನೋಡೋ ಪರೀಕ್ಷೆ. ಒಂದಿಂಚಿನ ಮರದ ತುಂಡು ಹಿಮ್ಮಡಿಗೂ ಹೊರ ಅಂಚಿಗೂ ಕೊಟ್ಟು ಹೆಬ್ಬೆರಳ ಬುಡ ಕೆಳಕ್ಕೆ ಬಿಟ್ಟೆ, ಹಿಮ್ಮಡಿ ನೆಟ್ಟಗಾಯ್ತು! ಅಂದ್ರೆ ತೊಂದರೆ ಮುಂಗಾಲಿಂದು, ಪೆರೋನಿಯಸ್ ಲಾಂಗಸ್ ಅನ್ನೋ ಮೊಣಕಾಲ ಕೆಳಗಿನ ಹೊರಬದಿಯ ಸ್ನಾಯು ಇನ್ನೂ ಎಳೀತಾ ಹೆಬ್ಬೆರಳ ಬುಡವನ್ನ ನೆಲಕ್ಕೆ ಒತ್ತುತ್ತೆ. ಅದಕ್ಕೇ 5 ಎಂಎಂ ಶೀಟಲ್ಲಿ ಆ ಜಾಗಕ್ಕೆ ಗುಂಡಿ ಬಿಟ್ಟು ಹೊರ ಅಂಚು ಎತ್ತರಿಸಿದೆ. ಗುಂಡಿ ಎಷ್ಟು ಆಳ, ಕ್ಯಾಸ್ಟ್ ತಗೊಳ್ಳುವಾಗ ಕಾಲು ಹೆಂಗೆ ಹಿಡೀತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ. ಜೋಡಿಗೆ ಹನ್ನೊಂದು ಸಾವಿರ ಚಿಲ್ಲರೆ ಆಯ್ತು. ಎರಡು ವರ್ಷದ ಮೇಲಾಯ್ತು, ಗುಳ್ಳೆ ಇಲ್ಲ, ಬಸ್ ಹತ್ತಿ ಕೆಲಸಕ್ಕೆ ಹೋಗ್ತಾನೆ. ಬೇಡ ಅಂದಿದ್ದವರೇ ಈಗ ಇಂಥ ಕೇಸ್ ನನ್ನ ಹತ್ರ ಕಳಿಸ್ತಾರೆ.

ನಡುವೆ ಇನ್ನೊಂದು ಮಾಡಿ ನೋಡ್ದೆ. ನಮ್ಮ ಮನೆಗಳಲ್ಲಿ ಯಾರು ಶೂ ಹಾಕ್ತಾರೆ, ಹಂಗಾಗಿ ಎಎಫ್‌ಓ ತಳಕ್ಕೆ ತೆಳು ರಬ್ಬರ್ ಅಂಟಿಸಿದೆ, ಒದ್ದೆ ನೆಲದಲ್ಲೂ ಜಾರ್ಲಿಲ್ಲ, ಆದ್ರೆ ಆ ದಪ್ಪಕ್ಕೆ ಹೊರಗಡೆ ಶೂ ಹಿಡಿಸ್ಲಿಲ್ಲ. ಈಗ ಮನೆಗೇ ಅಂತ ಬೇರೆ ಹಳೇ ಜೋಡಿ ಇಟ್ಕೊಂಡಿದಾನೆ.

ಅಪ್ಪಂದು ಬೇರೆ ಕಥೆ. ಬ್ಲಾಕ್ ಮೇಲೆ ನಿಲ್ಲಿಸಿದ್ರೂ ಹಿಮ್ಮಡಿ ಅಲ್ಲಾಡ್ಲಿಲ್ಲ, ಅಂದ್ರೆ ವಾಲಿದ್ದು ಹಂಗೇ ಬಿಗಿದುಬಿಟ್ಟಿದೆ. ಇಂಥ ಕಾಲಿಗೆ ಬ್ರೇಸ್ ಹಾಕಿದ್ರೆ ಹುಣ್ಣಾಗೋ ಭಯ ಜಾಸ್ತಿ, ನಾನೇ ಆಪರೇಷನ್‌ಗೆ ಕಳಿಸಿದೆ. ಹಿಮ್ಮಡಿ ಮೂಳೆ ಕೊಯ್ದು ಸರಿಸಿದ್ರು, ಒಳಗಡೆ ಎಳೆಯೋ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜನ್ನ ಪಾದದ ಮೇಲ್ಭಾಗಕ್ಕೆ ತಂದು ಕೂರಿಸಿದ್ರು. ಒಂದು ಕಾಲಿಗೇ ಎರಡು ಲಕ್ಷದ ಹತ್ರ, ಜೊತೆಗೆ ತಿಂಗಳುಗಟ್ಟಲೆ ತೋಟದ ಕಡೆ ಹೋಗಂಗಿಲ್ಲ. ನರದ ಕಾಯಿಲೆ ಆಪರೇಷನ್‌ನಿಂದ ನಿಲ್ಲಲ್ಲ, ಹಂಗಾಗಿ ಹಗುರ ಬ್ರೇಸ್ ಈಗಲೂ ಹಾಕ್ತಾರೆ, ಆದ್ರೆ ಪಾದ ಅದರೊಳಗೆ ಚಪ್ಪಟೆಯಾಗಿ ಕೂರುತ್ತೆ. ಇನ್ನೊಂದು ಕಾಲಿಂದು ಅಡಿಕೆ ಕೊಯ್ಲು ಮುಗಿದ ಮೇಲೆ ಅಂತಿದಾರೆ.