ಅಂಡಮಾನಿನ ಬಾರಾಟಾಂಗ್ ದ್ವೀಪದ ಕೆಸರು ಜ್ವಾಲಾಮುಖಿ ನೋಡಬೇಕಾ? ಹೀಗೆ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಬೆಂಕಿ, ಹೊಗೆ, ಕೆಂಪು ಲಾವಾ ಏನೂ ಇರುವುದಿಲ್ಲ. ಲಾವಾ ಉಗುಳುವುದು ಅಂಡಮಾನಿನದೇ ಬ್ಯಾರನ್ ದ್ವೀಪ, ಅದು ಬೇರೆ. ಬಾರಾಟಾಂಗ್‌ನಲ್ಲಿರುವುದು ಬೂದು ಬಣ್ಣದ ಕೆಸರು. ನೆಲದಡಿಯ ಅನಿಲವು ನೀರು, ಮಣ್ಣನ್ನು ತಳ್ಳಿಕೊಂಡು ಮೇಲೆ ಬರುತ್ತದೆ, ಅಷ್ಟೇ.

ಪೋರ್ಟ್ ಬ್ಲೇರ್‌ನಿಂದ ಸುಮಾರು ನೂರು ಕಿಲೋಮೀಟರ್. ಈಗ ಆ ಊರಿನ ಹೆಸರು ಶ್ರೀ ವಿಜಯಪುರಂ, ಆದರೂ ಜನ ಹಳೇ ಹೆಸರನ್ನೇ ಹೇಳುತ್ತಾರೆ. ನಸುಕಿನಲ್ಲೇ ಹೊರಡಿ. ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಿಂದ ಮುಂದೆ ಜಾರವಾ ಅನ್ನುವ ಬುಡಕಟ್ಟು ಜನರ ಕಾಡು, ಅಲ್ಲಿ ಗಾಡಿಗಳನ್ನು ನಿಗದಿತ ಹೊತ್ತಿಗೆ ಒಟ್ಟಿಗೆ ಸಾಲಾಗಿ ಬಿಡುತ್ತಾರೆ, ಒಂದು ಸಾಲು ತಪ್ಪಿದರೆ ಮುಂದಿನದಕ್ಕೆ ಕಾಯುತ್ತಾ ಟೀ ಕುಡಿಯುತ್ತಾ ಕೂರಬೇಕು. ಗುರುತಿನ ಚೀಟಿ ಕೈಯಲ್ಲೇ ಇರಲಿ. ಶೌಚಾಲಯದ ಕೆಲಸ ಅಲ್ಲೇ ಮುಗಿಸಿಕೊಳ್ಳಿ, ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಜಾರವಾಗಳ ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. ಕಾನೂನು ಇರಲಿ ಬಿಡಲಿ, ಅವರು ಪ್ರದರ್ಶನಕ್ಕಿಟ್ಟ ವಸ್ತುಗಳಲ್ಲ ಅಲ್ವಾ? ಫೋನ್ ಒಳಗಿಡಿ.

ಮಿಡಲ್ ಸ್ಟ್ರೇಟ್‌ನಲ್ಲಿ ದೊಡ್ಡ ದೋಣಿ ಹತ್ತಿ ಆಚೆ ದಡಕ್ಕೆ ಹೋದರೆ ಬಾರಾಟಾಂಗ್. ಸುಣ್ಣಕಲ್ಲಿನ ಗುಹೆ ಮೊದಲು ನೋಡಿ, ಅದಕ್ಕೆ ಮತ್ತೆ ಸಣ್ಣ ದೋಣಿ. ಆಮೇಲೆ ಜೀಪಿನಲ್ಲಿ ಜ್ವಾಲಾಮುಖಿಗೆ. ನಾನು ಹೋದಾಗ ನಮ್ಮ ಟೂರಿನವನು ಜೀಪಿನ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿಲ್ಲ ಅಂತ ಅಲ್ಲಿಗೆ ಹೋದ ಮೇಲೆ ರಾಗ ತೆಗೆದ. ಮುಂಚೆಯೇ ಕೇಳಿಕೊಳ್ಳಿ.

ಸ್ವಲ್ಪ ಏರು ಹತ್ತಿದರೆ ಬೇಲಿ, ಬೇಲಿಯೊಳಗೆ ಕೆಸರಿನ ಚಿಕ್ಕಚಿಕ್ಕ ದಿಬ್ಬಗಳು. ಎಲ್ಲರೂ ಒಂದು ಸೆಲ್ಫಿ ತೆಗೆದುಕೊಂಡು "ಇಷ್ಟೇನಾ?" ಅಂತ ತಿರುಗಿ ನಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದೇ ದಿಬ್ಬದ ಬಾಯಿಯ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ಸುಮ್ನೆ ನಿಲ್ಲಿ. ಮುದ್ದೆಗೆ ಎಸರಿಟ್ಟು ಹಿಟ್ಟು ಸುರಿದ ಮೇಲೆ ನಡುವೆ ಗುಳ್ಳೆ ಉಬ್ಬಿ ಪುಳಕ್ ಅಂತ ಒಡೆಯುತ್ತದಲ್ಲ, ಥೇಟ್ ಹಾಗೇ, ಆದರೆ ಒಲೆಯಿಲ್ಲದೆ. ಒಡೆದ ಜಾಗದಿಂದ ತೆಳ್ಳನೆ ಕೆಸರು ಒಂದು ಎಳೆಯಾಗಿ ಇಳಿಯುತ್ತದೆ. ಅಂಚಿನಲ್ಲಿ ಒಣಗಿದ್ದು ಬಿಸಿಲಿಗೆ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಗಟ್ಟಿಯಾಗಿದೆ ಅಂತ ಬೇಲಿ ದಾಟಬೇಡಿ, ಮೇಲಿನ ಪದರದ ಕೆಳಗೆ ಹಸಿ ಇರುತ್ತದೆ.

ಯಾವಾಗಲೂ ಇಷ್ಟು ಸಾಧು ಅಲ್ಲ ಇದು. 2004ರ ಡಿಸೆಂಬರ್ ಭೂಕಂಪದ ನಂತರ ಜೋರಾಗಿ ಉಕ್ಕಿತ್ತು, 2025ರ ಅಕ್ಟೋಬರ್‌ನಲ್ಲಿ ಮತ್ತೆ. ಅದಕ್ಕೇ ಹೊರಡುವ ಹಿಂದಿನ ದಿನ ದಾರಿ ತೆರೆದಿದೆಯಾ ಅಂತ ಒಂದು ಫೋನ್ ಮಾಡಿ. ವಾಪಸ್ ಬರುವ ಕೊನೆಯ ಸಾಲು ಎಷ್ಟು ಗಂಟೆಗೆ ಅಂತಲೂ ಕೇಳಿ, ಅದು ಹೋದರೆ ಆ ರಾತ್ರಿ ಬಾರಾಟಾಂಗ್‌ನಲ್ಲೇ.