ಮೊದಲ ವರ್ಷ ಡಾರ್ಮ್‌ನಲ್ಲೇ ಇರಲಿ

ಅಮೆರಿಕದ ಅರ್ಬಾನಾ-ಶಾಂಪೇನ್‌ನ ಇಲಿನಾಯ್ ಯೂನಿವರ್ಸಿಟಿಯಲ್ಲಿ ಮಗನಿಗೋ ಮಗಳಿಗೋ ಸೀಟು ಸಿಕ್ಕ ಕೂಡಲೇ ಹೊಸದಾಗಿ ಬಂದ ಕನ್ನಡದವರು ಕೇಳುವುದು ಒಂದೇ, ಎಲ್ಲಿ ಇರಿಸೋದು?

ಸುಮ್ನೆ ಎಲ್ಲೋ ಒಂದು ರೂಮ್ ಬಾಡಿಗೆಗೆ ಹಿಡಿಯೋಣ ಅಂದರೆ ಮೊದಲ ವರ್ಷದವರಿಗೆ ಇಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಯೂನಿವರ್ಸಿಟಿಯ ಡಾರ್ಮ್, ಅಂದರೆ ಹಾಸ್ಟೆಲ್ ಆಗಬೇಕು, ಇಲ್ಲವೇ ಯೂನಿವರ್ಸಿಟಿ ಒಪ್ಪಿದ ಖಾಸಗಿ ಜಾಗ. ಆ ಪಟ್ಟಿಯಲ್ಲಿ ಕೆಲವು ಗ್ರೀಕ್ ಮನೆಗಳೂ ಇವೆ, ಗೊಂದಲ ಶುರುವಾಗುವುದೇ ಅಲ್ಲಿ. ಗ್ರೀಕ್ ಅಂದರೆ ಗ್ರೀಸ್ ದೇಶದವರಲ್ಲ, ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಂಡ ವಿದ್ಯಾರ್ಥಿ ಸಂಘಗಳು. ಸದಸ್ಯರು ಒಟ್ಟಿಗೆ ಇರುವ ಮನೆಗಳೇ ಗ್ರೀಕ್ ಮನೆಗಳು. ಹುಡುಗರದು ಫ್ರಟರ್ನಿಟಿ, ಹುಡುಗಿಯರದು ಸೊರಾರಿಟಿ. ರಶ್, ಅಂದರೆ ಹೊಸ ಸದಸ್ಯರನ್ನು ಆರಿಸುವ ಕಾರ್ಯಕ್ರಮ ನಡೆಯುವಾಗ ಮನೆಮನೆಗೆ ಹೋಗಿ ಮಾತಾಡಬೇಕು, ಅವರಿಗೆ ಹಿಡಿಸಿದರೆ ಬಿಡ್, ಅಂದರೆ ಸೇರಲು ಕರೆ ಬರುತ್ತದೆ.

ನಾನು ಎಲ್ಲರಿಗೂ ಹೇಳುವುದು, ಮೊದಲ ವರ್ಷ ಡಾರ್ಮ್. ಒಂದೇ ಫ್ಲೋರ್‌ನಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಕೋರ್ಸಿನ ಮಕ್ಕಳಿರುತ್ತಾರೆ. ರಾತ್ರಿ ಜ್ವರ ಬಂದರೆ ಬಾಗಿಲು ತಟ್ಟಲು ಆರ್‌ಎ, ಅಂದರೆ ಫ್ಲೋರ್ ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ ಇರುತ್ತಾರೆ. ಸಂಘ ಸೇರುವ ಆಸೆ ಇದ್ದರೆ ಡಾರ್ಮ್‌ನಲ್ಲಿದ್ದುಕೊಂಡೇ ಸೇರಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಮಗ ಹಾಗೇ ಮಾಡಿದ.

ಆದರೆ ನಾವು ಒಂದು ಕಡೆ ಎಡವಿದೆವು. ಈ ಊರಲ್ಲಿ ಮುಂದಿನ ಆಗಸ್ಟ್‌ನ ಅಪಾರ್ಟ್‌ಮೆಂಟಿಗೆ ಹಿಂದಿನ ಅಕ್ಟೋಬರ್‌ನಲ್ಲೇ ಸಹಿ ಹಾಕಿಬಿಡುತ್ತಾರೆ. ನಾವೂ ಹಾಕಿದೆವು. ಎರಡನೇ ವರ್ಷ ಸಂಘದ ಮನೆಯಲ್ಲೇ ಇರಬೇಕು ಅನ್ನುವ ನಿಯಮ ಗೊತ್ತಾಗಿದ್ದು ಆಮೇಲೆ. ಅಪಾರ್ಟ್‌ಮೆಂಟಿಗೆ ಬೇರೊಬ್ಬ ಹುಡುಗ ಸಿಗುವವರೆಗೆ ಎರಡೂ ಕಡೆ ದುಡ್ಡು ಕಟ್ಟಿದೆವು. ಅದಕ್ಕೇ ಗ್ರೀಕ್ ಮನೆಯ ಬಾಡಿಗೆ ಕಮ್ಮಿ ಅಂತ ಖುಷಿಪಡುವ ಮೊದಲು ಡ್ಯೂಸ್, ಅಂದರೆ ಸದಸ್ಯರು ಕಟ್ಟುವ ಚಂದಾ ಎಷ್ಟು, ಹೊಸ ಸದಸ್ಯರ ಫೀಸ್ ಎಷ್ಟು, ಎಷ್ಟು ವರ್ಷ ಅಲ್ಲೇ ಇರಬೇಕು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೇಝಿಂಗ್ ಬಗ್ಗೆ ಮಕ್ಕಳ ಜೊತೆ ಕೂತು ಮಾತಾಡಲೇಬೇಕು. ನಮ್ಮ ಕಡೆ ರ‍್ಯಾಗಿಂಗ್ ಅಂತೀವಲ್ಲ, ಅದೇ. 2017ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 19 ವರ್ಷದ ಹುಡುಗನೊಬ್ಬ ಫ್ರಟರ್ನಿಟಿ ಸೇರುವ ರಾತ್ರಿ ವಿಪರೀತ ಕುಡಿಸಿದ್ದರಿಂದ ಮೆಟ್ಟಿಲಿಂದ ಬಿದ್ದು, ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯದೆ, ಕೊನೆಗೆ ತೀರಿಕೊಂಡ. ಎಲ್ಲ ಮನೆಗಳೂ ಹಾಗಿಲ್ಲ, ಎಷ್ಟೋ ಸೊರಾರಿಟಿ ಮನೆಗಳಲ್ಲಿ ಮದ್ಯವನ್ನೇ ಒಳಗೆ ಬಿಡುವುದಿಲ್ಲ. ಆದರೂ ವಿಚಾರಿಸದೆ ಕಳಿಸಬೇಡಿ. 2024ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಕಾನೂನಿನ ಪ್ರಕಾರ ಯಾವ ಸಂಘ ಹೇಝಿಂಗ್‌ನಲ್ಲಿ ಸಿಕ್ಕಿಬಿದ್ದಿದೆ ಅನ್ನುವ ವರದಿಯನ್ನು ಯೂನಿವರ್ಸಿಟಿಗಳು ಎಲ್ಲರಿಗೂ ಸಿಗುವಂತೆ ಹಾಕಬೇಕು. ಅದನ್ನು ಓದಿ.

ಇನ್ನು ಊಟ. ಡಾರ್ಮ್‌ನ ಡೈನಿಂಗ್ ಹಾಲ್‌ನಲ್ಲಿ ಸಸ್ಯಾಹಾರಿಗಳಿಗೆ ದಿನಾ ಏನಾದರೂ ಸಿಗುತ್ತದೆ. ಗ್ರೀಕ್ ಮನೆಗಳಲ್ಲಿ ಹೆಚ್ಚಾಗಿ ಒಬ್ಬರೇ ಅಡುಗೆಯವರು, ವಾರದ ಮೆನು ಮೊದಲೇ ಗೊತ್ತಾಗಿರುತ್ತದೆ. ಮನೆ ನೋಡಲು ಹೋದಾಗ ಅಡುಗೆಮನೆಗೂ ಹೋಗಿ, ಮೊಟ್ಟೆ ಮಾಂಸ ಬಿಟ್ಟರೆ ನಮ್ಮ ಮಗುವಿಗೆ ಬುಧವಾರ ರಾತ್ರಿ ಏನು ಕೊಡ್ತೀರಿ ಅಂತ ಅವರನ್ನೇ ಕೇಳಿ.